ವಾಕರ್‌ನ ಮೈಗೆ ಫಾಕ್ಸ್‌ನ ಮುಖ

"ಎಂಜಿನಿಯರ್ ಇಲ್ಲದಿದ್ರೆ ಆ ಡೈವರ್ ಏನು ಮಾಡ್ತಿದ್ದ, ಹೇಳು?" ಅಂದರು ಭಾವ. ಶನಿವಾರ ಇಂಗ್ಲೆಂಡಿನ ವಿಂಚೆಸ್ಟರ್ ಕೆಥೆಡ್ರಲ್ ಅನ್ನೋ ದೊಡ್ಡ ಚರ್ಚಿನಲ್ಲಿ ಕೇಳಿದ ಮಾತು. ಇನ್ನೂ ತಲೆಯಿಂದ ಹೋಗಿಲ್ಲ.

1079ರಲ್ಲಿ ಬಿಷಪ್ ವಾಕೆಲಿನ್ ಶುರು ಮಾಡಿಸಿದ ಕಟ್ಟಡ ಅದು. ಕೆಳಗೆ ಜೌಗು ನೆಲ. 13ನೇ ಶತಮಾನದಲ್ಲಿ ಪೂರ್ವಕ್ಕೆ ಬೆಳೆಸಿದ ಭಾಗಕ್ಕಂತೂ ಮರದ ದಿಮ್ಮಿ ಹಾಸಿ ಗೋಡೆ ಎಬ್ಬಿಸಿದ್ದರು. 20ನೇ ಶತಮಾನದ ಆರಂಭಕ್ಕೆ ಗೋಡೆ ವಾಲಿ, ಬಿರುಕು ಬಿಟ್ಟಿತು. ಅಡಿಪಾಯಕ್ಕೆಂದು ಅಗೆದರೆ ಗುಂಡಿ ತುಂಬ ನೀರು. ಪಂಪ್ ಹಚ್ಚಿದರೆ ನೀರಿನ ಜೊತೆ ಮಣ್ಣೂ ಹೊರಬಂದು ಗೋಡೆಯೇ ಕುಸಿಯುವ ಭಯ. ನೀರಿನಲ್ಲಿ ಮುಳುಗಿ ಕೆಲಸ ಮಾಡುವ ಡೈವರ್‌ನನ್ನು ಇಳಿಸೋಣ ಎಂದವನು ಎಂಜಿನಿಯರ್ ಫ್ರಾನ್ಸಿಸ್ ಫಾಕ್ಸ್.

ಇಳಿದವನು ವಿಲಿಯಂ ವಾಕರ್. 1906ರಿಂದ 1911ರವರೆಗೆ, ದಿನಕ್ಕೆ ಆರು ಗಂಟೆ. ನೀರು ಎಷ್ಟು ಕದಡಿತ್ತೆಂದರೆ ಕಣ್ಣಿಗೆ ಏನೂ ಕಾಣದು; ಕೈಯಲ್ಲಿ ತಡವಿ ತಡವಿ ಕೆಲಸ. 25,000ಕ್ಕೂ ಹೆಚ್ಚು ಕಾಂಕ್ರೀಟ್ ಚೀಲ ಗುಂಡಿಗಳ ತಳಕ್ಕೆ ಹಾಸಿ ಒರತೆ ಮುಚ್ಚಿದ. ಆಮೇಲೆ ನೀರೆತ್ತಿ ಗಾರೆಯವರು ಕಟ್ಟುತ್ತ ಬಂದರು. ಉಡುಪು ಅದೆಷ್ಟು ಭಾರವೆಂದರೆ ಊಟಕ್ಕೆ ಮೇಲೆ ಬಂದಾಗ ಹೆಲ್ಮೆಟ್ ಮಾತ್ರ ಕಳಚುತ್ತಿದ್ದನಂತೆ.

1918ರಲ್ಲಿ ಫ್ಲೂ ಬಂದು ತೀರಿಕೊಂಡ. 1960ರ ದಶಕದಲ್ಲಿ ಅವನ ನೆನಪಿಗೊಂದು ಪುಟ್ಟ ಪ್ರತಿಮೆ ಮಾಡಿಸಿದರು. ಮೈಮೇಲೆ ಡೈವರ್ ಉಡುಪು, ಮುಖ ಫಾಕ್ಸ್‌ನದು! ವಾಕರ್‌ನದೇ ಮುಖದ ಪ್ರತಿಮೆ ಬಂದದ್ದು 2001ರಲ್ಲಿ. ಇದನ್ನೆಲ್ಲ ಹೇಳುವಾಗ ಅಲ್ಲಿನ ಗೈಡ್ ಅಜ್ಜಿಯ ದನಿಯಲ್ಲಿ ತನ್ನ ಮನೆಯವನಿಗೇ ಅನ್ಯಾಯವಾದಷ್ಟು ಸಂಕಟ. ಭಾವ ಆ ಮಾತು ಅಂದದ್ದು ಆಗಲೇ.

ಭಾವ ಒಳ್ಳೆಯವರು, ಆದರೆ ಸಿವಿಲ್ ಎಂಜಿನಿಯರ್ ಅನ್ನೋ ಅಭಿಮಾನ ಜಾಸ್ತಿ. ಫಾಕ್ಸ್‌ನ ಬುದ್ಧಿಯಿಲ್ಲದೆ ಆ ಗೋಡೆ ಉಳಿಯುತ್ತಿರಲಿಲ್ಲ, ನಿಜ. ಆದರೆ ವಾಕೆಲಿನ್ ಹೆಸರು ಒಂಬತ್ತು ಶತಮಾನದಿಂದ ಉಳಿದಿದೆ, ಅವನಿಗಾಗಿ ಜೌಗಿನಲ್ಲಿ ನಿಂತು ಅಗೆದವರು ಯಾರೆಂದು ಕೇಳುವವರಿಲ್ಲ. ವಾಕರ್‌ಗೆ ಹೆಸರಿತ್ತು, ಫೋಟೋ ಇತ್ತು, ರಾಜ ಐದನೇ ಜಾರ್ಜ್ ಕೊಟ್ಟ ಪದಕವಿತ್ತು. ಅವನ ಮುಖವೇ ತಪ್ಪಿತು ಅಂದಮೇಲೆ ಉಳಿದವರ ಗತಿ?

ರೈಲಿನಲ್ಲಿ ಕೇಳಿಯೇ ಬಿಟ್ಟೆ: "ಭಾವ, ನೀವು ಕಟ್ಟಿಸಿದ ಕಡೆ ಮೇಸ್ತ್ರಿ ಯಾರಿದ್ರು, ನೆನಪಿದೆಯಾ?" ತಡವರಿಸದೆ ನಾಲ್ಕು ಹೆಸರು ಹೇಳಿದರು, ಯಾರ ಮಗಳ ಮದುವೆಗೆ ಹೋಗಿದ್ದರು ಅನ್ನೋದೂ ಬಂತು. "ಅಲ್ಲಿನ ಫಲಕದಲ್ಲಿ ಅವರ ಹೆಸರು ಹಾಕಿಸಿದ್ರಾ?" ಅಂದೆ. ಇಲ್ಲವಂತೆ, ಮಾಲೀಕರು ಯಾರೂ ಕೇಳಲಿಲ್ಲವಂತೆ. ಮುಂದಿನ ಕೆಲಸಕ್ಕೆ ನೀವೇ ಕೇಳಿ ಅಂತ ಹಟ ಹಿಡಿದಿದ್ದೇನೆ, ಬಿಡುವುದಿಲ್ಲ.