ನಂಬರ್ ಲೋಕಲ್, ಫೋನ್ ಎತ್ತುವವರು ಯಾರು?

ಒಂದು ರಿಪೇರಿ ಕಂಪನಿಯ ಕಾಲ್ ಸೆಂಟರ್‌ನಲ್ಲಿ ಕೆಲವು ವರ್ಷ ಇದ್ದೆ. ಬಂದ ಕರೆ ತೆಗೆದುಕೊಂಡು ಟೆಕ್ನಿಷಿಯನ್‌ಗಳಿಗೆ ಕೆಲಸ ಹಂಚುವುದು ನನ್ನ ಪಾಲಿಗೆ ಬಂದಿತ್ತು. ಪೈಪ್ ಒಡೆದಿದೆ, ಕರೆಂಟ್ ಹೋಗಿದೆ, ಕೀ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡುಬಿಟ್ಟೆವು, ಹೀಗೆ ದೇಶದ ಯಾವ ಮೂಲೆಯ ತಾಪತ್ರಯವಾದರೂ ಬರುತ್ತಿದ್ದದ್ದು ನಾವು ಕೂತ ಆ ಒಂದೇ ಹಾಲ್‌ಗೆ. ಈಗ ನಾನು ನೋಡಿಕೊಳ್ಳುವುದು ಒಂದು ವಸತಿ ಕಟ್ಟಡದ ಮೇಂಟೆನೆನ್ಸ್. ಆಗ ಫೋನ್ ಎತ್ತುತ್ತಿದ್ದವನು ಈಗ ಫೋನ್ ಮಾಡುತ್ತೇನೆ. ಎರಡೂ ಕಡೆ ನೋಡಿ ಆಯಿತು. ಹತ್ತಿರದಲ್ಲೇ ಇರುವ, ತಮ್ಮದೇ ಹೆಸರಲ್ಲಿ ಕೆಲಸ ಮಾಡುವ ಪ್ಲಂಬರ್ರೋ ಎಲೆಕ್ಟ್ರಿಷಿಯನ್ನೋ ಸಿಕ್ಕರೆ ಕಾಲ್ ಸೆಂಟರ್ ಗೊಡವೆಗೇ ನಾನು ಹೋಗುವುದಿಲ್ಲ.

ಯಾಕೆ ಅಂತ ಹೇಳಬೇಕಾದರೆ ಆ ಹಾಲ್ ಒಳಗೆ ಏನು ನಡೆಯುತ್ತಿತ್ತು ಅನ್ನುವುದನ್ನು ಹೇಳಬೇಕು. ಜಾಹೀರಾತಿನಲ್ಲಿ ಒಂದೊಂದು ಊರಿಗೂ ಒಂದೊಂದು ನಂಬರ್ ಕೊಟ್ಟಿರುತ್ತಿದ್ದರು. ಎಲ್ಲವೂ ಫಾರ್ವರ್ಡ್ ಆಗಿ ನಮಗೇ ಬರುತ್ತಿದ್ದವು. ಜನ ಯಾವ ನಂಬರ್ ಒತ್ತಿದ್ದಾರೋ ಆ ಊರಿನ ಹೆಸರು ಪರದೆ ಮೇಲೆ ಮೂಡುತ್ತಿತ್ತು. ಅದನ್ನು ಸೇರಿಸಿ ನಮಸ್ಕಾರ ಹೇಳಬೇಕು, ಅಷ್ಟೇ. ಆ ಕಡೆಯವರಿಗೆ ಪಕ್ಕದ ಬೀದಿಯವರ ಹತ್ತಿರ ಮಾತಾಡಿದ ಹಾಗೆ ಅನ್ನಿಸುತ್ತಿತ್ತು. ನಾವೋ ಆ ಊರಿನ ಕಡೆ ತಲೆ ಹಾಕಿ ಮಲಗಿದವರೂ ಅಲ್ಲ. "ಎಷ್ಟಾಗುತ್ತೆ?" ಅಂತ ಕೇಳಿದರೆ "ಬಂದು ನೋಡಿ ಹೇಳ್ತಾರೆ ಸಾರ್" ಅನ್ನುವುದು ಬಿಟ್ಟು ಬೇರೆ ಮಾತು ಆಡುವ ಹಾಗಿರಲಿಲ್ಲ.

ಕರೆ ಮುಗಿದ ಮೇಲೆ ಆ ಕೆಲಸ ಆ ಭಾಗದ ಹಲವರ ಮೊಬೈಲ್‌ಗೆ ಒಟ್ಟಿಗೇ ಹೋಗುತ್ತಿತ್ತು. ಮೊದಲು ಒಪ್ಪಿಕೊಂಡವರಿಗೆ ಕೆಲಸ. ಅವರು ಕಂಪನಿಯ ನೌಕರರಲ್ಲ. ಪೆಟ್ರೋಲ್ ಅವರದೇ, ಟೂಲ್ಸ್ ಅವರದೇ, ಬಿಲ್ಲಿನಲ್ಲಿ ಒಳ್ಳೆಯ ಪಾಲು ಮಾತ್ರ ಕಂಪನಿಗೆ. ಬರೀ ವಾಷರ್ ಬದಲಾಯಿಸಿ ಬಂದರೆ ಹೋಗಿಬಂದ ಖರ್ಚೂ ಹುಟ್ಟುವುದಿಲ್ಲ. ಹಾಗಾಗಿ ವಾಷರ್ ಹೋದ ಕಡೆ ಇಡೀ ನಲ್ಲಿ ಬದಲಾಗುತ್ತಿತ್ತು, ಕೆಪಾಸಿಟರ್ ಹೋದ ಕಡೆ ಮೋಟರ್ರೇ ಬದಲಾಗುತ್ತಿತ್ತು. ಅವರಲ್ಲಿ ಒಳ್ಳೆಯ ಕೆಲಸಗಾರರು ಬೇಕಾದಷ್ಟು ಜನ ಇದ್ದರು, ಸುಮ್ನೆ ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಲೆಕ್ಕಾಚಾರವೇ ಹಾಗಿತ್ತು. ಇನ್ನು, ಮಾಡಿದ ಕೆಲಸ ಮತ್ತೆ ಕೆಟ್ಟು ಜನ ಫೋನ್ ಮಾಡಿದರೆ ಅದು ಹೊಸ ಟಿಕೆಟ್, ಅಂದರೆ ಹೊಸ ದೂರು ಅಂತಲೇ ಲೆಕ್ಕ. ಬರುವವರೂ ಹೊಸಬರು. ಮೊದಲು ಬಂದವರು ಏನು ಬಿಚ್ಚಿದರು, ಏನು ಜೋಡಿಸಿದರು ಅನ್ನುವುದು ಇವರಿಗೆ ಗೊತ್ತೇ ಇರುತ್ತಿರಲಿಲ್ಲ.

ಇದಕ್ಕಿಂತ ಮುಂದೆ ಹೋದವರೂ ಇದ್ದಾರೆ, ಅಂಗಡಿಯೇ ಇಲ್ಲದ ಜಾಗದಲ್ಲಿ ಮ್ಯಾಪ್ ಮೇಲೆ ಅಂಗಡಿ ತೆರೆಯುವವರು. 2025ರ ಮಾರ್ಚ್‌ನಲ್ಲಿ ಗೂಗಲ್ ಅಮೆರಿಕದಲ್ಲಿ ಇಂಥವರ ಮೇಲೆ ಕೇಸ್ ಹಾಕಿತು. ಬೀಗದ ಕೆಲಸದವರು ಯಾರೋ ಮ್ಯಾಪ್‌ನಲ್ಲಿ ನಮ್ಮ ಸಂಸ್ಥೆಯ ಹೆಸರು ಹಾಕಿಕೊಂಡಿದ್ದಾರೆ ಅಂತ ಟೆಕ್ಸಾಸ್‌ನ ಒಂದು ಸಂಸ್ಥೆ ದೂರಿದ್ದರಿಂದ ಶುರುವಾದ ವಿಷಯ ಅದು. ಕೆದಕುತ್ತಾ ಹೋದಾಗ 10,000ಕ್ಕೂ ಜಾಸ್ತಿ ನಕಲಿ ಲಿಸ್ಟಿಂಗ್‌ಗಳು ಸಿಕ್ಕವು ಅಂತ ಗೂಗಲ್ ಹೇಳಿತು. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವ ಹೆಸರಿಗೆ ನಾನು ಫೋನ್ ಮಾಡದೇ ಇರುವುದು ಇದೇ ಕಾರಣಕ್ಕೆ. ಪಕ್ಕದಲ್ಲಿ ಜಾಹೀರಾತು ಅಂತ ಬರೆದಿದ್ದರಂತೂ ಇಲ್ಲವೇ ಇಲ್ಲ.

ನಿಜವಾದ ಲೋಕಲ್‌ನವರ ಹತ್ತಿರ ಮಾತು ಬೇರೆ ಥರ ಇರುತ್ತದೆ. ನಮ್ಮ ಕಟ್ಟಡದ ಒಂದು ಮನೆಯಲ್ಲಿ ಆರ್‌ಸಿಸಿಬಿ ಮೇಲೆತ್ತಿದರೆ ಸಾಕು, ಟಪ್ ಅಂತ ಬೀಳುತ್ತಿತ್ತು. ಕರೆಂಟ್ ಸೋರಿ ಅರ್ತ್ ಕಡೆ ಹರಿದರೆ ಕಟ್ ಮಾಡುವ ಸ್ವಿಚ್ ಅದು, ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿಆಂಪಿಯರ್‌ನದ್ದು ಇರುತ್ತದೆ. ನಾವು ಯಾವಾಗಲೂ ಕರೆಯುವ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಅವರು ಬೇರೆಲ್ಲೋ ಏಣಿ ಮೇಲಿದ್ದರು. "ಸಾರ್, ಸ್ವಿಚ್ ಆಫ್ ಮಾಡಿದ್ರೆ ಸಾಲ್ದು. ಪ್ಲಗ್‌ಗಳನ್ನೇ ಕಿತ್ತುಹಾಕಿ, ಆಮೇಲೆ ಮೇಲೆತ್ತಿ" ಅಂದರು. ಎಲ್ಲ ಪ್ಲಗ್ ಕಿತ್ತ ಮೇಲೆ ಆರ್‌ಸಿಸಿಬಿ ನಿಂತಿತು. "ಹಂಗಾದ್ರೆ ವೈರಿಂಗ್ ತಂಟೆ ಅಲ್ಲ. ಒಂದೊಂದೇ ಹಾಕ್ತಾ ಬನ್ನಿ, ಯಾವುದಕ್ಕೆ ಬೀಳುತ್ತೋ ಅದೇ ಕಳ್ಳ." ಗೀಸರ್ ಪ್ಲಗ್ ಹಾಕಿದ್ದೇ ತಡ, ಬಿತ್ತು. ಎಲಿಮೆಂಟ್ ಹೋಗಿತ್ತು. ಅದನ್ನು ಬಿಟ್ಟು ಮಿಕ್ಕ ಮನೆಗೆ ಆಗಲೇ ಕರೆಂಟ್ ಬಂತು. ಎಲಿಮೆಂಟ್ ಬದಲಾಯಿಸಲು ಅವರು ಮಾರನೇ ದಿನ ಬಂದರು.

ಸ್ವಿಚ್ ಆಫ್ ಮಾಡಿದರೆ ಯಾಕೆ ಸಾಲದು ಅಂತ ಆಗ ಕೇಳಿದೆ. ಮಾಮೂಲಿ ಸ್ವಿಚ್ ಫೇಸ್ ತಂತಿಯನ್ನಷ್ಟೇ ಕಟ್ ಮಾಡುತ್ತದೆ, ನ್ಯೂಟ್ರಲ್ ಹಾಗೇ ಉಳಿದಿರುತ್ತದೆ. ನ್ಯೂಟ್ರಲ್ಲಿಗೂ ಅರ್ತ್‌ಗೂ ಎಲ್ಲಾದರೂ ತಾಗಿದ್ದರೆ ಸ್ವಿಚ್ ಆಫ್ ಇದ್ದರೂ ಆರ್‌ಸಿಸಿಬಿ ಬೀಳಬಹುದು. ಸ್ಕ್ರೂ ಬಿಗಿ ಮಾಡುತ್ತಲೇ ಇಷ್ಟನ್ನೂ ಹೇಳಿ ಮುಗಿಸಿದರು. ನಾನು ಕೂತಿದ್ದ ಸೀಟಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳುವ ಹಾಗಿರಲಿಲ್ಲ ಬಿಡಿ. ಫೋನಲ್ಲೇ ಅರ್ಧ ಕೆಲಸ ಮುಗಿದರೆ ಬಿಲ್ ಎಲ್ಲಿಂದ ಬರಬೇಕು?

ಹಾಗಾಗಿ ಹೊಸಬರಿಗೆ ಫೋನ್ ಮಾಡಿದಾಗ ನಾನು ಗಮನಿಸುವುದು ಅವರು ಏನು ಕೇಳುತ್ತಾರೆ ಅನ್ನುವುದನ್ನು. ಕೆಲಸ ಗೊತ್ತಿರುವವರು ವಿಳಾಸಕ್ಕಿಂತ ಮೊದಲು ತೊಂದರೆ ಕೇಳುತ್ತಾರೆ. "ಸೋರೋದು ಯಾವಾಗಲೂನಾ, ಇಲ್ಲ ಮೇಲಿನ ಮನೆಯವರು ನೀರು ಬಿಟ್ಟಾಗ ಮಾತ್ರಾನಾ?" ಅಂತ ಒಬ್ಬ ಪ್ಲಂಬರ್ ಕೇಳಿದರೆ ನನಗೆ ಅಲ್ಲೇ ಅರ್ಧ ನಂಬಿಕೆ ಬರುತ್ತದೆ. ಸದಾ ಸೋರುತ್ತಿದ್ದರೆ ಸಾಮಾನ್ಯವಾಗಿ ನಲ್ಲಿಗೆ ನೀರು ಬರುವ ಪೈಪಿನದ್ದು. ಬಳಸಿದಾಗ ಮಾತ್ರ ಸೋರಿದರೆ ನೀರು ಹೊರಹೋಗುವ ಕಡೆಯದ್ದು. ಯಾವ ಸಾಮಾನು ಹಿಡಿದುಕೊಂಡು ಬರಬೇಕು ಅನ್ನುವುದು ಅದರ ಮೇಲೆ ತಾನೇ ಇರುವುದು? ಆಮೇಲೆ ನಾನು ಕೇಳುವ ಪ್ರಶ್ನೆ ಒಂದಿದೆ: "ನೀವೇ ಬರ್ತೀರಾ?" "ಹೌದು, ನಾನೇ" ಅಂದರೆ ಸರಿ. "ತಮ್ಮನ್ನ ಕಳಿಸ್ತೀನಿ" ಅಂದರೂ ಪರವಾಗಿಲ್ಲ. "ನಮ್ಮ ಟೀಮ್‌ನವರು ಸಂಪರ್ಕಿಸ್ತಾರೆ" ಅಂದರೆ ನನಗೆ ನನ್ನ ಹಳೆಯ ಹೆಡ್‌ಫೋನ್ ನೆನಪಾಗುತ್ತದೆ. ಬೀಗದವರ ವಿಷಯದಲ್ಲಿ ಇನ್ನೂ ಸುಲಭ. ಬಾಗಿಲು ನೋಡುವ ಮೊದಲೇ ಡ್ರಿಲ್ ಮಾಡಬೇಕು ಅಂದವರು ಬೇಡ. ಮಾಮೂಲಿ ಮನೆ ಬೀಗವನ್ನು ಪಳಗಿದವರು ಬಹುತೇಕ ಹಾಳು ಮಾಡದೇ ತೆಗೆಯುತ್ತಾರೆ.

ಲೋಕಲ್‌ನವರು ಅಂದಮಾತ್ರಕ್ಕೆ ಎಲ್ಲ ಸಲೀಸು ಅಂತಲ್ಲ. ಕೆಲಸದಲ್ಲಿದ್ದಾಗ ಫೋನ್ ಎತ್ತುವುದಿಲ್ಲ. ನಾಳೆ ಬರ್ತೀನಿ ಅಂದರೆ ಯಾವ ನಾಳೆ ಅಂತ ಇನ್ನೊಮ್ಮೆ ಕೇಳಿಕೊಳ್ಳಬೇಕು. ವಾರಂಟಿಯಲ್ಲಿರುವ ಮಷಿನ್ ಇವರಿಂದ ಬಿಚ್ಚಿಸಿದರೆ ವಾರಂಟಿ ಹೋಗಬಹುದು, ಅದಕ್ಕೆ ಕಂಪನಿಯ ಸರ್ವೀಸ್‌ನವರನ್ನೇ ಕರೆಯುತ್ತೇನೆ. ಲಿಫ್ಟ್ ಅಂತೂ ಅದರದ್ದೇ ತರಬೇತಿ ಇರುವವರ ಕೆಲಸ.

ಸಿಕ್ಕವರನ್ನು ಉಳಿಸಿಕೊಳ್ಳುವುದು ಇನ್ನೊಂದು ಕೆಲಸ, ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಮೊದಲ ಸಲ ಸಣ್ಣ ಕೆಲಸಕ್ಕೇ ಕರೆಯುತ್ತೇನೆ, ಒಂದು ವಾಲ್ವ್ ಬದಲಾಯಿಸುವುದೋ, ಸಡಿಲವಾದ ಸಾಕೆಟ್ಟೋ. ಹಳೆಯ ಸಾಮಾನನ್ನು ತಾವಾಗಿಯೇ ಕೈಗೆ ಕೊಡುತ್ತಾರಾ, ಮೇನ್ ವಾಲ್ವ್ ಎಲ್ಲಿದೆ ಅಂತ ಕೇಳಿ ತಿಳಿದುಕೊಳ್ಳುತ್ತಾರಾ ಅಂತ ನೋಡುತ್ತೇನೆ. ದುಡ್ಡು ಅವತ್ತೇ ಕೊಡಬೇಕು, ಸೊಸೈಟಿ ಮೀಟಿಂಗ್ ಆಗಲಿ ಅಂತ ಕಾಯಿಸಬಾರದು. ಫೋನಲ್ಲಿ ಹೇಳಿಕೊಟ್ಟು ಸರಿಮಾಡಿಸಿದ್ದಕ್ಕೂ ಮುಂದಿನ ಬಿಲ್ಲಿನಲ್ಲಿ ಸೇರಿಸಿಕೊಳ್ಳಿ ಅಂತ ನಾನೇ ಹೇಳುತ್ತೇನೆ. ಕಮಿಟಿಯವರಿಗೆ ಇದು ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಏಣಿಯಿಂದ ಇಳಿದು ಬಂದೇ ಹೇಳಿದ್ದರೆ ಜಾಸ್ತಿ ಆಗುತ್ತಿತ್ತು ಅಲ್ವಾ ಅಂತ ಕೇಳಿದರೆ ಸುಮ್ಮನಾಗುತ್ತಾರೆ.

ಪ್ಲಂಬರ್, ಎಲೆಕ್ಟ್ರಿಷಿಯನ್, ಬೀಗದವರು, ಮೂವರ ನಂಬರನ್ನೂ ಸೆಕ್ಯೂರಿಟಿಯವರ ಮೇಜಿನ ಗಾಜಿನಡಿ ಇಟ್ಟಿದ್ದೇನೆ. ನಾನು ರಜೆ ಹಾಕಿದ ದಿನವೇ ಪಂಪ್ ಕೈಕೊಡುವುದು ಅಂತ ನಮ್ಮ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತು.