ನವೆಂಬರಿನ ಹಿಮ ಇನ್ನೂ ಕೆಳಗೇ ಇದೆ

ಶನಿವಾರ ಬೆಳಿಗ್ಗೆ ಏಳಕ್ಕೆ ಅಮೆರಿಕದ ಕೊಲರಾಡೊದಲ್ಲಿರುವ ಬರ್ಥಡ್ ಪಾಸ್ ಎಂಬ ಬೆಟ್ಟದ ಕಣಿವೆದಾರಿಯಲ್ಲಿ ಕಾರು ನಿಲ್ಲಿಸಿದೆವು. 11,307 ಅಡಿ ಎತ್ತರ. ಎರಡು ದಿನ ಸುರಿದ ಹಿಮ ನಿಂತು ಆಕಾಶ ತೊಳೆದಿಟ್ಟಂತಿತ್ತು. ಕೊಲರಾಡೊ ಹಿಮಕುಸಿತ ಮಾಹಿತಿ ಕೇಂದ್ರದ ಅಂದಿನ ಮುನ್ಸೂಚನೆಯಲ್ಲಿ ಅಪಾಯದ ಮಟ್ಟ 3. ಐದರಲ್ಲಿ ಮೂರು ಎಂದಾಗ ಮನಸ್ಸು ‘ನಡುವಿನದು, ಪರವಾಗಿಲ್ಲ’ ಎನ್ನುತ್ತದೆ. ನಾನು ಹೆಚ್ಚು ಹೆದರುವುದು ಈ ಮೂರಕ್ಕೇ. ನಾಲ್ಕಿದ್ದರೆ ಜನ ಹಿಂಜರಿಯುತ್ತಾರೆ. ಮೂರಿದ್ದ ದಿನ ಹೊರಟೇಬಿಡುತ್ತಾರೆ. ಸಾವುಗಳ ದೊಡ್ಡ ಪಾಲೂ ಅಂಥ ದಿನಗಳದ್ದೇ.

ಹಿಮದಡಿ ಸಿಕ್ಕವರನ್ನು ಪತ್ತೆಹಚ್ಚಲು ಮೈಮೇಲೆ ಧರಿಸುವ ಬೀಕನ್‌ಗಳನ್ನು ಪರಸ್ಪರ ಪರೀಕ್ಷಿಸಿಕೊಂಡು ನಾನು ಮತ್ತು ಗೆಳತಿ ಸ್ಕೀ ತೊಟ್ಟು ಹತ್ತತೊಡಗಿದೆವು. ಅರ್ಧ ಗಂಟೆ ಕಳೆದಿರಬೇಕು, ಸಮತಟ್ಟಾದ ಬಯಲೊಂದರಲ್ಲಿ ಕಾಲಡಿ ‘ಧೊಂಪ್’ ಎಂದಿತು. ಸುತ್ತಲಿನ ಹಿಮವೆಲ್ಲ ಒಮ್ಮೆಗೇ ತುಸು ಕೆಳಗಿಳಿಯಿತು. ಅಡಿಯ ದುರ್ಬಲ ಪದರ ಮುರಿಯುವ ಸದ್ದು ಅದು. ಇಳಿಜಾರಿರಲಿಲ್ಲವಾದ್ದರಿಂದ ಏನೂ ಜಾರಲಿಲ್ಲ.

ಕಡಿದಾದ ಇಳಿಜಾರಿಗೆ ಹೋಗುವುದು ಬೇಡವೆಂಬ ತೀರ್ಮಾನ ಅಲ್ಲಿಗೇ ಆಗಿತ್ತು. ಆದರೂ ಕಣ್ಣಾರೆ ನೋಡಬೇಕೆನಿಸಿ, ಸುರಕ್ಷಿತವಾದ ಒಂದು ಸಣ್ಣ ಉತ್ತರಮುಖಿ ಏರಿನಲ್ಲಿ ನೆಲ ಕಾಣುವವರೆಗೆ ಗುಂಡಿ ತೋಡಿದೆವು. ಆಳ 110 ಸೆಂಟಿಮೀಟರ್. ಮೇಲೆ ಗಾಳಿ ತಂದು ಒತ್ತಿದ, ಹಲಗೆಯಂಥ ಗಟ್ಟಿ ಹಿಮದ ಪದರ. ಬುಡದ ಒಂದಡಿಯಲ್ಲಿ ಬೆರಳಿಟ್ಟರೆ ಜರ್ರನೆ ಉದುರುವ ಹರಳು. ಕೈಗವಸು ಬಿಚ್ಚಿ ಒಂದು ಹಿಡಿ ತೆಗೆದುಕೊಂಡೆ. ಕಲ್ಲುಸಕ್ಕರೆಯ ಚೂರುಗಳಂತೆ ಮಿನುಗುತ್ತಿತ್ತು. ಎಷ್ಟು ಅದುಮಿದರೂ ತುಪ್ಪ ಸಾಲದ ರವೆಯ ಹಾಗೆ, ಉಂಡೆ ಕಟ್ಟಲೇ ಇಲ್ಲ.

ಇದು ನವೆಂಬರಿನಲ್ಲಿ ಬಿದ್ದ ಹಿಮ. ಆಗ ಪದರ ತೆಳು, ಕೆಳಗೆ ನೆಲ ಸೊನ್ನೆ ಡಿಗ್ರಿಯ ಆಸುಪಾಸು, ಮೇಲೆ ಕಡು ಚಳಿ. ಆ ವ್ಯತ್ಯಾಸಕ್ಕೆ ಆವಿ ಮೇಲೇರುತ್ತಾ ಹಿಮದ ಕಣಗಳನ್ನು ಕೋನಕೋನದ ಹರಳುಗಳಾಗಿ ಮಾರ್ಪಡಿಸುತ್ತದೆ. ಅವು ಒಂದಕ್ಕೊಂದು ಅಂಟುವುದಿಲ್ಲ. ಆಮೇಲೆ ಬಿದ್ದದ್ದೆಲ್ಲ ಈ ಬುಡದ ಮೇಲೆಯೇ ಕುಳಿತಿರುತ್ತದೆ.

ಬಿರುಕು ಎಷ್ಟು ಸುಲಭವಾಗಿ ಹಬ್ಬುತ್ತದೆಂದು ನೋಡಲು 90 ಸೆಂಟಿಮೀಟರ್ ಅಗಲದ ಹಿಮದ ಕಂಬ ಕಡಿದು ಒಂದು ತುದಿಗೆ ಸಲಿಕೆ ಇಟ್ಟು ತಟ್ಟಿದೆವು. ಮಣಿಕಟ್ಟಿನಿಂದ ಹತ್ತು ಏಟು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು, ಇದು ಕ್ರಮ. ಹದಿಮೂರನೆಯದಕ್ಕೇ ಬಿರುಕು ಈ ತುದಿಯಿಂದ ಆ ತುದಿಗೆ ಓಡಿ ಇಡೀ ಹಲಗೆ ಗೆಳತಿಯ ಮಡಿಲಿಗೆ ಜಾರಿತು.

ನಾವು ಹೋಗಬೇಕೆಂದಿದ್ದ ಇಳಿಜಾರು 36 ಡಿಗ್ರಿ. ಹಿಮ ಹೆಚ್ಚಾಗಿ ಜಾರುವುದು 30ರಿಂದ 45ರ ನಡುವೆ. ಅದನ್ನು ಬಿಟ್ಟು, ಮರಗಳ ನಡುವೆ 25 ಡಿಗ್ರಿ ದಾಟದ ಕಡೆ ಇಳಿದೆವು.

ನನ್ನದು ಕುಂದಗೋಳ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಜೀವ ಹಿಡಿದಿದ್ದು, ಹೊರತೆಗೆದ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡ ಯೋಧ ಹನುಮಂತಪ್ಪ ಕೊಪ್ಪದ ಅವರ ಊರು ಬೆಟದೂರು ನಮ್ಮದೇ ತಾಲ್ಲೂಕು. ಪ್ರತಿ ಚಳಿಗಾಲವೂ ಅವ್ವ ಆ ಹೆಸರು ಎತ್ತುತ್ತಾಳೆ. ಹಿಮದಡಿ ಸಿಕ್ಕವರಿಗೆ ಸಾಮಾನ್ಯವಾಗಿ ಇರುವುದು ಹತ್ತು ಹದಿನೈದು ನಿಮಿಷ ಎಂದು ನಾನು ಅವಳಿಗೆ ಹೇಳಿಲ್ಲ. ಗುಂಡಿ ತೋಡುವುದನ್ನು ಕಲಿತಿದ್ದೇನೆ ಎಂದಷ್ಟೇ ಹೇಳಿದ್ದೇನೆ.

ರಾತ್ರಿ ಗುಂಡಿಯ ಅಳತೆ, ದಿಕ್ಕು, ಹದಿಮೂರನೆಯ ಏಟು ಎಲ್ಲವನ್ನೂ ಬರೆದು ಕೇಂದ್ರಕ್ಕೆ ಕಳುಹಿಸಿದೆ. ಆಮೇಲೆ ಅವ್ವನಿಗೆ ಫೋನ್ ಮಾಡಿದೆ. ಅಲ್ಲಿ ಆಗಲೇ ಭಾನುವಾರದ ಬೆಳಗು.