ಖಾಲಿ ಕಳಿಸಬಾರದ ಡಬ್ಬಿ

ನಮ್ಮ ಅಡುಗೆಮನೆಯ ಅಟ್ಟದಲ್ಲಿ ಒಂದು ಹಳೆಯ ಬಿಸ್ಕತ್ತು ಡಬ್ಬಿ ಇದೆ. ತಗಡಿನದ್ದು. ಬಣ್ಣ ಯಾವತ್ತೋ ಹೋಗಿದೆ, ಮುಚ್ಚಳ ಒಂದು ಕಡೆ ನೆಗ್ಗಿದೆ. ಮಗಳು ಎರಡು ಸಲ ಗುಜರಿಗೆ ಹಾಕಲು ನೋಡಿದಳು. ನಾನು ಬಿಡಲಿಲ್ಲ. ಆ ಡಬ್ಬಿಯ ಕಥೆಯನ್ನು ಅವಳಿಗೂ ಪೂರ್ತಿಯಾಗಿ ಹೇಳಿರಲಿಲ್ಲ. ಇವತ್ತು ಬರೆಯುತ್ತೇನೆ.

ನಮ್ಮದು ಮಂಗಳೂರಿನ ಬಲ್ಮಠದ ಹತ್ತಿರದ ಬಾಸೆಲ್ ಮಿಶನ್ ಕುಟುಂಬ, ಅಂದರೆ ಪ್ರೊಟೆಸ್ಟೆಂಟರು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಮಿಶನರಿಗಳು ಮಂಗಳೂರಿಗೆ ಬಂದರಲ್ಲ, ಅವರ ಕಾಲದಲ್ಲಿ ಕ್ರೈಸ್ತರಾದವರ ಪೈಕಿ ನಮ್ಮ ಹಿರಿಯರೂ ಇದ್ದರು. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ, ಹಾಡುಗಳಿಗೆ ಜರ್ಮನ್ ರಾಗ. ಅಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಕ್ಯಾಥೊಲಿಕರು ನಮಗೆ 'ಪೊರ್ಬುಲು'. ಅವರಿಗೆ ನಾವು 'ಬಾಸೆಲ್ ಮಿಶನ್‌ನವರು'. ಅವರದು ಕೊಂಕಣಿ, ಇಗರ್ಜಿ ಎನ್ನುವ ಚರ್ಚು, ಮರಿಯಮ್ಮನ ಮೊಂತಿ ಹಬ್ಬ. ನಮಗಿಂತ ಎಷ್ಟೋ ಹಿಂದಿನಿಂದ ಈ ಊರಿನಲ್ಲಿ ಇರುವವರು. ಎರಡೂ ಕಡೆಯವರು ಒಂದೇ ಮೀನು ಮಾರ್ಕೆಟ್ಟಿಗೆ ಹೋಗುತ್ತಿದ್ದೆವು. ಮಾತುಕತೆಯೂ ಚೆನ್ನಾಗಿಯೇ ಇತ್ತು. ಹೆಣ್ಣು ಕೊಟ್ಟು ತರುವುದು ಮಾತ್ರ ಇರಲಿಲ್ಲ.

1961ರಲ್ಲಿ ಅಪ್ಪನ ಅಕ್ಕ, ನನ್ನ ಅತ್ತೆ, ಬೆಂದೂರಿನ ಕ್ಯಾಥೊಲಿಕ್ ಹುಡುಗನನ್ನು ಮದುವೆಯಾದರು. ಆಗ ನನಗೆ 3 ವರ್ಷ. ಆ ಕಾಲದ ಕ್ಯಾಥೊಲಿಕ್ ನಿಯಮ ಬಹಳ ಬಿಗಿ. ಬೇರೆ ಪಂಗಡದವರನ್ನು ಮದುವೆಯಾಗಬೇಕಾದರೆ ಅನುಮತಿ ಬೇಕು. ಹುಟ್ಟುವ ಮಕ್ಕಳನ್ನು ಕ್ಯಾಥೊಲಿಕರಾಗಿಯೇ ಬೆಳೆಸುತ್ತೇವೆ ಎಂದು ಗಂಡ ಹೆಂಡತಿ ಇಬ್ಬರೂ ಮಾತು ಕೊಡಬೇಕು. ಅತ್ತೆ ಸಹಿ ಹಾಕಿದರು. ಮದುವೆ ಪೀಠದ ಮುಂದೆ ಅಲ್ಲ, ಇಗರ್ಜಿಯ ಪಕ್ಕದ ಕೋಣೆಯಲ್ಲಿ ನಡೆಯಿತು. ಹೂವಿಲ್ಲ, ಹಾಡಿಲ್ಲ. ನಮ್ಮ ಕಡೆಯಿಂದ ಯಾರೂ ಹೋಗಲಿಲ್ಲ.

ನಮ್ಮವರು ಏನೂ ಕಡಿಮೆ ಇರಲಿಲ್ಲ. ಚಾವಡಿಯಲ್ಲಿದ್ದ ಕುಟುಂಬದ ಫೋಟೋವನ್ನು ಅಪ್ಪ ಇಳಿಸಿ ಪೆಟ್ಟಿಗೆಗೆ ಹಾಕಿದರು. ಅದರಲ್ಲಿ ಅತ್ತೆ ನಡುವೆ ಕುಳಿತಿದ್ದರು. "ಸಹಿ ಹಾಕಿ ನಮ್ಮನ್ನೇ ಮಾರಿದಳು" ಎಂದು ಅಪ್ಪ ಹೇಳಿದ್ದನ್ನು ಅಮ್ಮ ನನಗೆ ಎಷ್ಟೋ ವರ್ಷದ ನಂತರ ಹೇಳಿದರು. ಬಲ್ಮಠದಿಂದ ಬೆಂದೂರಿಗೆ ನಡೆದರೆ 20 ನಿಮಿಷ. ಅಷ್ಟು ದೂರವನ್ನು ಅಪ್ಪ 19 ವರ್ಷ ನಡೆಯಲಿಲ್ಲ.

1964ರ ಜೂನ್‌ನಲ್ಲಿ ಅಜ್ಜ ತೀರಿಕೊಂಡರು. ಜೋರು ಮಳೆ. ಅತ್ತೆ ಬಂದರು, ಹೆಂಗಸರ ಹಿಂದೆ ನಿಂತು ಅತ್ತರು. ಮಾವ ಸ್ಮಶಾನದ ಗೇಟಿನ ಹೊರಗೇ ಕೊಡೆ ಹಿಡಿದು ನಿಂತುಬಿಟ್ಟರು. ಮಣ್ಣು ಹಾಕುವವರೆಗೂ ಒಳಗೆ ಬರಲಿಲ್ಲ. ಅಪ್ಪ ಅದನ್ನು ನೋಡಿದರು. "ನಮ್ಮ ಮಣ್ಣು ಮೆಟ್ಟಿದರೆ ಅವನಿಗೆ ಮೈಲಿಗೆಯಾ?" ಎಂದರಂತೆ. ಅಲ್ಲಿಗೆ ಎಲ್ಲ ಮುಗಿಯಿತು.

ಮರುವರ್ಷದ ಕ್ರಿಸ್ಮಸ್‌ಗೆ ಎರಡು ದಿನ ಇರುವಾಗ ಅಮ್ಮ ಈ ಡಬ್ಬಿ ತೆಗೆದರು. ಕರ್ಜಿಕಾಯಿ, ಚಕ್ಕುಲಿ, ಎಳ್ಳುಂಡೆ ತುಂಬಿಸಿದರು. ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ, ದಾರ ಕಟ್ಟಿದರು. ನನ್ನ ಕೈಗೆ ಕೊಟ್ಟು, "ಅತ್ತೆಗೆ ಕೊಟ್ಟು ಬಾ. ಅಪ್ಪ ಕೇಳಿದರೆ ಸುಳ್ಳು ಹೇಳಬೇಡ. ಕೇಳದಿದ್ದರೆ ಹೇಳಬೇಡ" ಎಂದರು. ನನಗೆ 7 ವರ್ಷ. ಅತ್ತೆ ಡಬ್ಬಿ ಬಿಚ್ಚಿ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ಅದನ್ನೇ ತಮ್ಮ ಕ್ರಿಸ್ಮಸ್ ತಿಂಡಿ ಕುಸ್ವಾರ್‌ನಿಂದ ತುಂಬಿಸಿ ತಂದರು. ಗುಳಿಯೊ, ಕಿಡಿಯೊ, ನೆವ್ರಿ. ಕೊಟ್ಟ ಪಾತ್ರೆಯನ್ನು ಖಾಲಿ ಕಳಿಸಬಾರದು, ಅಲ್ವಾ? ದಾರಿಯಲ್ಲಿ ಒಂದು ನೆವ್ರಿ ತಿಂದೆ. ನಮ್ಮ ಕರ್ಜಿಕಾಯಿಯೇ! ಹೆಸರು ಮಾತ್ರ ಬೇರೆ.

ಅಪ್ಪ ಕೇಳಲಿಲ್ಲ. ಆದರೆ ತಿಂದರು. ನಮ್ಮ ಮನೆಯಲ್ಲಿ ಕಿಡಿಯೊ ಮಾಡುವವರು ಯಾರೂ ಇಲ್ಲ ಎಂದು ಅವರಿಗೆ ಗೊತ್ತಿಲ್ಲದೆ ಇಲ್ಲ. 15 ಕ್ರಿಸ್ಮಸ್ ಹೀಗೇ ಹೋಯಿತು. ನಾನು ಒಯ್ಯುತ್ತಿದ್ದೆ. ಅತ್ತೆಯ ಮಗ ಸ್ವಲ್ಪ ದೊಡ್ಡವನಾದ ಮೇಲೆ ಅವನು ಮರುದಿನ ಸಂಜೆ ಡಬ್ಬಿ ತಂದು ಹಿಂಬಾಗಿಲಲ್ಲಿ ನಿಲ್ಲುತ್ತಿದ್ದ. ಅಮ್ಮ ಅವನ ತಲೆ ಸವರಿ ಕಳಿಸುತ್ತಿದ್ದರು.

ಇದೆಲ್ಲ ನನಗೆ ಮತ್ತೆ ನೆನಪಾದದ್ದು 2023ರಲ್ಲಿ, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ತಂಗಿಯ ಮಗಳು ಅಲ್ಲಿ ನರ್ಸ್. ಅವಳ ಬಾಣಂತನಕ್ಕೆ ಹೋಗಿ 2 ತಿಂಗಳು ಇದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಮುದುಕ ರೋಗಿ ಅವಳನ್ನು ಕೇಳಿದನಂತೆ, ನೀನು ಕ್ಯಾಥೊಲಿಕ್ಕಾ, ಪ್ರೊಟೆಸ್ಟೆಂಟಾ ಎಂದು. ಪ್ರೊಟೆಸ್ಟೆಂಟ್ ಎಂದಾಗ, ನಿಮ್ಮ ಇಂಡಿಯಾದಲ್ಲೂ ಆ ಎರಡೂ ಇದೆಯಾ ಎಂದು ಆಶ್ಚರ್ಯಪಟ್ಟನಂತೆ. ಅಲ್ಲಿ ಜನ ಬಾಯಿ ಬಿಟ್ಟು ಕೇಳುವುದು ಕಡಿಮೆ. ಹೆಸರು, ಓದಿದ ಶಾಲೆ, ಇರುವ ಬೀದಿ ಇಷ್ಟರಲ್ಲೇ ತಿಳಿದುಕೊಳ್ಳುತ್ತಾರೆ. ಇಂಗ್ಲಿಷಿನ 'ಎಚ್' ಅಕ್ಷರವನ್ನು 'ಹೇಚ್' ಎಂದರೆ ಕ್ಯಾಥೊಲಿಕ್, 'ಏಚ್' ಎಂದರೆ ಪ್ರೊಟೆಸ್ಟೆಂಟ್ ಎಂದು ಲೆಕ್ಕ ಹಾಕುತ್ತಾರೆ. ಒಂದೇ ಊರನ್ನು ಕ್ಯಾಥೊಲಿಕರು ಡೆರ್ರಿ ಎನ್ನುತ್ತಾರೆ, ಪ್ರೊಟೆಸ್ಟೆಂಟರು ಲಂಡನ್‌ಡೆರ್ರಿ ಎನ್ನುತ್ತಾರೆ. ನೆವ್ರಿ, ಕರ್ಜಿಕಾಯಿ. ಆದರೆ ಅಲ್ಲಿ ಆ ಹೆಸರಿನ ಹಿಂದೆ ರಕ್ತ ಇದೆ.

ಅದು ಬರೀ ಧರ್ಮದ ಜಗಳ ಅಲ್ಲ. ಆ ನಾಡು ಬ್ರಿಟನ್ನಿನ ಜೊತೆ ಇರಬೇಕೋ, ಐರ್ಲೆಂಡಿನ ಜೊತೆ ಸೇರಬೇಕೋ ಎಂಬುದೇ ಮೂಲ. ಬ್ರಿಟನ್ ಬೇಕೆನ್ನುವವರಲ್ಲಿ ಹೆಚ್ಚಿನವರು ಪ್ರೊಟೆಸ್ಟೆಂಟರು, ಐರ್ಲೆಂಡ್ ಎನ್ನುವವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಅದರ ಮೇಲೆ ಮನೆ ಹಂಚಿಕೆ, ಕೆಲಸ, ಮತ ಇವುಗಳಲ್ಲಿ ಕ್ಯಾಥೊಲಿಕರಿಗೆ ಆದ ಅನ್ಯಾಯ. 1960ರ ದಶಕದ ಕೊನೆಯಿಂದ 1998ರವರೆಗೆ 3,500ಕ್ಕೂ ಜಾಸ್ತಿ ಜನ ಸತ್ತರು. ಪುಟ್ಟ ನಾಡು ಅದು.

ಫಾಲ್ಸ್ ರೋಡ್ ಕ್ಯಾಥೊಲಿಕರದ್ದು, ಶಾಂಕಿಲ್ ರೋಡ್ ಪ್ರೊಟೆಸ್ಟೆಂಟರದ್ದು. ನಡುವೆ ಗೋಡೆ. ಮನೆಗಿಂತ ಎತ್ತರ. ಮೊದಲು ಕಟ್ಟಿದ್ದು 1969ರಲ್ಲಿ. ಈಗಲೂ ನಿಂತಿದೆ. ಕೆಲವು ಕಡೆ ಗೇಟು ಇದೆ, ಹಗಲು ತೆರೆದು ರಾತ್ರಿ ಮುಚ್ಚುತ್ತಾರೆ. ಆ ಗೋಡೆಗೆ ಕೈ ಇಟ್ಟು ನಿಂತಾಗ ನನಗೆ ಬೆಂದೂರಿನ ರಸ್ತೆ ಕಣ್ಣಿಗೆ ಬಂತು. ನಮ್ಮ ನೋವನ್ನು ಅವರ ನೋವಿನ ಪಕ್ಕ ಇಡಲು ಆಗುವುದಿಲ್ಲ, ಅದು ನನಗೆ ಗೊತ್ತು. ಆದರೂ ಬಂತು.

ಗೋಡೆಗೆ ಹತ್ತಿರವೇ ಕ್ಲೊನಾರ್ಡ್ ಮಠ. ಅಲ್ಲಿಯ ಪಾದ್ರಿ ಅಲೆಕ್ ರೀಡ್ ಅವರ ಬಗ್ಗೆ ತಂಗಿಯ ಮಗಳೇ ನನಗೆ ಹೇಳಿದ್ದು. 1988ರ ಮಾರ್ಚ್‌ನಲ್ಲಿ ಒಂದು ಶವಸಂಸ್ಕಾರದ ಮೇಲೆ ಬಂದೂಕುಧಾರಿಯೊಬ್ಬ ದಾಳಿ ಮಾಡಿ 3 ಜನರನ್ನು ಕೊಂದಿದ್ದ. ಅದರಲ್ಲಿ ಸತ್ತ ಒಬ್ಬನ ಶವಯಾತ್ರೆ ಮೂರು ದಿನದ ಮೇಲೆ, 19ನೇ ತಾರೀಕು. ಮಫ್ತಿಯಲ್ಲಿದ್ದ ಇಬ್ಬರು ಬ್ರಿಟಿಷ್ ಸೈನಿಕರ ಕಾರು ಅದರ ನಡುವೆ ಸಿಕ್ಕಿಬಿತ್ತು. ಮತ್ತೆ ದಾಳಿ ಎಂದುಕೊಂಡು ಜನ ಅವರನ್ನು ಹೊರಗೆಳೆದರು. ಕೊನೆಗೆ ಐಆರ್‌ಎ ಎಂಬ, ಬ್ರಿಟನ್ ವಿರುದ್ಧ ಆಯುಧ ಹಿಡಿದ ಗುಂಪು ಅವರನ್ನು ಗುಂಡಿಟ್ಟು ಕೊಂದಿತು. ಬಿಡಿಸಲು ಹೋದ ಫಾದರ್ ರೀಡ್ ಅವರನ್ನು ದೂರ ತಳ್ಳಿದ್ದರು. ಗುಂಡಿನ ಸದ್ದು ಕೇಳಿ ಓಡಿದ ಅವರು ಒಬ್ಬನ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಲು ನೋಡಿದರು. ಆಗಲಿಲ್ಲ. ಮೊಣಕಾಲೂರಿ ಪ್ರಾರ್ಥಿಸಿದರು. ತುಟಿಯ ಮೇಲೆ ರಕ್ತ ಇರುವ ಅವರ ಫೋಟೋ ಲೋಕವೆಲ್ಲ ನೋಡಿದೆ.

ಆ ಫೋಟೋದಲ್ಲಿ ಕಾಣದ್ದು ಒಂದಿದೆ. ಅವರ ಹತ್ತಿರ ಒಂದು ಲಕೋಟೆ ಇತ್ತು. ಐಆರ್‌ಎ ಕಡೆಯ ರಾಜಕೀಯ ಪಕ್ಷ ಶಿನ್ ಫೇನ್, ಹಿಂಸೆ ಬೇಡವೆನ್ನುವ ನಾಯಕ ಜಾನ್ ಹ್ಯೂಮ್ ಅವರಿಗೆ ಗುಟ್ಟಾಗಿ ಕಳಿಸಿದ ಕಾಗದ. ಅದಕ್ಕೂ ರಕ್ತ ತಾಗಿತ್ತು. ಫಾದರ್ ರೀಡ್ ಲಕೋಟೆ ಬದಲಿಸಿ, ಕಾಗದವನ್ನು ತಲುಪಿಸಿದರು.

ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂಥ ದಿನ ಯಾರಾದರೂ ಕಾಗದ ಹರಿದು ಎಸೆಯುತ್ತಿದ್ದರು. ಅವರು ಬರೀ ಲಕೋಟೆ ಬದಲಿಸಿದರು. ಹತ್ತು ವರ್ಷದ ನಂತರ, 1998ರ ಏಪ್ರಿಲ್ 10ರ ಶುಭ ಶುಕ್ರವಾರ ಒಪ್ಪಂದ ಆಯಿತು. ಮೇ 22ರಂದು ಅಲ್ಲಿ ಮತ ಹಾಕಿದವರಲ್ಲಿ ಶೇಕಡಾ 71ರಷ್ಟು ಮಂದಿ ಒಪ್ಪಂದಕ್ಕೆ ಹೌದು ಎಂದರು. ಹ್ಯೂಮ್ ಅವರಿಗೂ, ಪ್ರೊಟೆಸ್ಟೆಂಟ್ ನಾಯಕ ಡೇವಿಡ್ ಟ್ರಿಂಬಲ್ ಅವರಿಗೂ ಆ ವರ್ಷ ನೊಬೆಲ್ ಬಂತು. 2005ರಲ್ಲಿ ಐಆರ್‌ಎ ಆಯುಧಗಳನ್ನು ಬಿಟ್ಟುಕೊಟ್ಟಾಗ ಸಾಕ್ಷಿಗೆ ಇಬ್ಬರು ದೇವರ ಸೇವಕರು ಇದ್ದರು. ಒಬ್ಬರು ಇದೇ ರೀಡ್. ಇನ್ನೊಬ್ಬರು ಪ್ರೊಟೆಸ್ಟೆಂಟರ ಕಡೆಯ ಮೆಥಡಿಸ್ಟ್ ಸಭಾಪಾಲಕ ಹೆರಾಲ್ಡ್ ಗುಡ್.

ಇನ್ನೊಂದು ಗುಂಪಿನ ಕಥೆ ನನಗೆ ಇನ್ನೂ ಇಷ್ಟ. 1981ರಲ್ಲಿ, ಜೈಲಿನಲ್ಲಿ ಉಪವಾಸ ಮಾಡಿ 10 ಕೈದಿಗಳು ಸತ್ತ ವರ್ಷ, ಕ್ಲೊನಾರ್ಡ್‌ನ ಕ್ಯಾಥೊಲಿಕರೂ ಫಿಟ್ಸ್‌ರಾಯ್ ಎಂಬ ಪ್ರೆಸ್‌ಬಿಟೇರಿಯನ್ ಪ್ರೊಟೆಸ್ಟೆಂಟ್ ಚರ್ಚಿನವರೂ ಒಟ್ಟಿಗೆ ಕೂತು ಬೈಬಲ್ ಓದಲು ಶುರು ಮಾಡಿದರು. ಫಾದರ್ ಜೆರ್ರಿ ರೆನಾಲ್ಡ್ಸ್ ಮತ್ತು ಸಭಾಪಾಲಕ ಕೆನ್ ನ್ಯೂವೆಲ್ ಕೊಲೆಯಾದವರ ಮನೆಗಳಿಗೆ ಜೊತೆಯಾಗಿ ಹೋಗುತ್ತಿದ್ದರು. ಸತ್ತವರು ಯಾರ ಕಡೆಯವರಾದರೂ ಸರಿ. ಬಾಗಿಲಲ್ಲಿ ಇಬ್ಬರೂ ನಿಲ್ಲುತ್ತಿದ್ದರು. ಒಪ್ಪಂದ ಆಗಲು ಇನ್ನೂ 17 ವರ್ಷ ಇತ್ತು. ಇದರಿಂದ ಏನಾಗುತ್ತದೆ ಎಂದು ಎಷ್ಟು ಜನ ಕೇಳಿರಬೇಡ!

ಅಲ್ಲಿ ಇರುವಾಗಲೇ ಫೆಥರ್ಡ್-ಆನ್-ಸೀ ಎಂಬ ಹಳ್ಳಿಯ ಬಗ್ಗೆ ಓದಿದೆ. ಅದು ದಕ್ಷಿಣದಲ್ಲಿ, ಐರ್ಲೆಂಡ್ ಗಣರಾಜ್ಯದಲ್ಲಿ ಇರುವುದು. ಅಲ್ಲಿಯ ಒಂದು ಮನೆಯಲ್ಲಿ ಗಂಡ ಕ್ಯಾಥೊಲಿಕ್, ಹೆಂಡತಿ ಪ್ರೊಟೆಸ್ಟೆಂಟ್. ನಮ್ಮ ಅತ್ತೆಯ ಹಾಗೆ ಆಕೆಯೂ ಮಕ್ಕಳ ವಿಷಯದಲ್ಲಿ ಮಾತು ಕೊಟ್ಟಿದ್ದರು. 1957ರಲ್ಲಿ ದೊಡ್ಡ ಮಗಳನ್ನು ಕ್ಯಾಥೊಲಿಕ್ ಶಾಲೆಗೇ ಸೇರಿಸಬೇಕು ಎಂದು ಪಾದ್ರಿ ಪಟ್ಟು ಹಿಡಿದರು. ಆಕೆ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಊರು ಬಿಟ್ಟು ಹೋದರು. ಊರಿನ ಪ್ರೊಟೆಸ್ಟೆಂಟರೇ ಸಹಾಯ ಮಾಡಿದರು ಎಂದು ಕ್ಯಾಥೊಲಿಕರು ಅವರ ಅಂಗಡಿಗಳಿಗೆ ಹೋಗುವುದು ಬಿಟ್ಟರು. ಸಂಗೀತ ಟೀಚರ್ ಹತ್ತಿರ ಮಕ್ಕಳು ಪಾಠಕ್ಕೆ ಬರುವುದು ನಿಂತಿತು. ಪ್ರಧಾನಿ ಡಿ ವಲೆರಾ ಸ್ವತಃ ಕ್ಯಾಥೊಲಿಕ್, ಅವರೇ ಸಂಸತ್ತಿನಲ್ಲಿ ಇದು ತಪ್ಪು ಎಂದರು. ಆಕೆ ಕೊನೆಗೆ ಮನೆಗೆ ಮರಳಿದರು. ಮಕ್ಕಳು ಆ ಶಾಲೆಗೂ ಹೋಗಲಿಲ್ಲ, ಈ ಶಾಲೆಗೂ ಹೋಗಲಿಲ್ಲ, ಮನೆಯಲ್ಲೇ ಕಲಿತರು. ಅಲ್ಲಿಯ ಬಿಷಪ್ ಕ್ಷಮೆ ಕೇಳಿದ್ದು 1998ರಲ್ಲಿ. 41 ವರ್ಷ! ಆ ನಿಯಮವನ್ನು ಪೋಪ್ ಆರನೇ ಪೌಲ್ 1970ರಲ್ಲೇ ಸಡಿಲಿಸಿದ್ದರು. ನಿಯಮ ಬದಲಾದಷ್ಟು ಬೇಗ ಮನೆಗಳು ಬದಲಾಗುವುದಿಲ್ಲ.

ನಮ್ಮ ಮನೆ ಬದಲಾದದ್ದು 1980ರ ಡಿಸೆಂಬರ್ 24ರ ಸಂಜೆ. ನಾನು ಬ್ಯಾಂಕಿಗೆ ಸೇರಿದ ಮೊದಲ ವರ್ಷ. ಹಿಂದಿನ ದಿನ ಡಬ್ಬಿ ಕೊಟ್ಟು ಬಂದಿದ್ದೆ. ಅತ್ತೆ ಮಲಗಿದ್ದರು, ಟೈಫಾಯಿಡ್. ಮರುದಿನ ಕತ್ತಲಾದರೂ ಡಬ್ಬಿ ಬರಲಿಲ್ಲ. ಅಪ್ಪ ಎರಡು ಸಲ ಹಿಂಬಾಗಿಲ ಕಡೆ ನೋಡಿದರು. ಆಮೇಲೆ, ಯಾರ ಮುಖವನ್ನೂ ನೋಡದೆ ಕೇಳಿದರು, "ಈ ಸಲ ಅಕ್ಕನ ಡಬ್ಬಿ ಬರಲಿಲ್ವಾ?"

ಅಕ್ಕ ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅಮ್ಮ ಒಲೆಯ ಮುಂದಿನಿಂದಲೇ "ಅವರಿಗೆ ಹುಷಾರಿಲ್ಲ" ಎಂದರು. ಅಪ್ಪ ಸುಮ್ನೆ ಎದ್ದು ಚಪ್ಪಲಿ ಹಾಕಿಕೊಂಡರು. ನಾನೂ ಹಿಂದೆಯೇ ಹೋದೆ. 20 ನಿಮಿಷ ಅವರು ಒಂದು ಮಾತೂ ಆಡಲಿಲ್ಲ.

ಅತ್ತೆಯ ಮನೆಯ ಜಗಲಿಯಲ್ಲಿ ನಕ್ಷತ್ರ ಉರಿಯುತ್ತಿತ್ತು. ಮಾವ ಗೋದಲಿಗೆ ಹುಲ್ಲು ಹಾಸುತ್ತಿದ್ದರು. ಅಪ್ಪ ಗೇಟಿನ ಹೊರಗೆ ನಿಂತರು. ಕೈ ಚಿಲಕದ ಮೇಲೆ ಇತ್ತು, ತೆಗೆಯಲಿಲ್ಲ. ಮಾವ ನೋಡಿದರು. ಹುಲ್ಲು ಹಿಡಿದ ಕೈಯಲ್ಲೇ ಎದ್ದು ಬಂದು ಗೇಟು ತೆಗೆದರು.

"ಅವತ್ತು ಗೇಟಿನ ಹೊರಗೆ ನಿಂತದ್ದು ನನ್ನ ತಪ್ಪು" ಎಂದರು. "ಒಳಗೆ ಹೋಗಬಾರದು ಎಂದು ನಮ್ಮ ಹಿರಿಯರು ಹೇಳಿದ್ದರು. ನನಗೆ ಧೈರ್ಯ ಇರಲಿಲ್ಲ. ಮನೆಯಲ್ಲಿ ಕೂರಲೂ ಮನಸ್ಸು ಬರಲಿಲ್ಲ. ನೀವು ಹೊರಗೆ ನಿಲ್ಲಬೇಡಿ, ಬನ್ನಿ."

16 ವರ್ಷ ಅಪ್ಪ ಅದನ್ನು ಮೈಲಿಗೆ ಎಂದುಕೊಂಡಿದ್ದರು. ಆ ಮನುಷ್ಯ ಮಳೆಯಲ್ಲಿ ನಿಂತದ್ದು, ಹೋಗದೆ ಇರಲು ಆಗದೆ. ಅಪ್ಪ ಏನೂ ಹೇಳಲಿಲ್ಲ, ಒಳಗೆ ಹೋಗಿ ಅತ್ತೆಯ ಮಂಚದ ಹತ್ತಿರ ಕೂತರು. ಆ ರಾತ್ರಿ ಡಬ್ಬಿಯನ್ನು ಮನೆಗೆ ತಂದವರು ಅಪ್ಪನೇ. ಒಳಗೆ ಇದ್ದದ್ದು ಬರೀ ನಾಲ್ಕು ಗ್ಲುಕೋಸ್ ಬಿಸ್ಕತ್ತು. ಹಾಸಿಗೆಯಲ್ಲೇ ಅತ್ತೆ ಹಾಕಿಸಿದ್ದು, ಖಾಲಿ ಹೋಗಬಾರದು ಎಂದು.

ಈಗ ಅವರು ಯಾರೂ ಇಲ್ಲ. ಅಪ್ಪನ ಶವಪೆಟ್ಟಿಗೆಯನ್ನು ಹೊರುವಾಗ ಮಾವ ಮುಂದಿನ ಸಾಲಿನಲ್ಲಿ ಇದ್ದರು.

ಇದನ್ನು ಈಗ ಬರೆಯಲು ಕಾರಣ ಇದೆ. ಹಿಂಬಾಗಿಲಲ್ಲಿ ಡಬ್ಬಿ ಹಿಡಿದು ನಿಲ್ಲುತ್ತಿದ್ದ ಅತ್ತೆಯ ಮಗ, ಅವನಿಗೆ ಈಗ 60 ದಾಟಿದೆ. ಅವನ ಮಗ ಮಣಿಪಾಲದಲ್ಲಿ ಕೆಲಸದಲ್ಲಿ ಇದ್ದಾನೆ. ಅವನು ಇಗರ್ಜಿ ಬಿಟ್ಟು ಒಂದು ಸಣ್ಣ ಪ್ರಾರ್ಥನಾ ಗುಂಪಿಗೆ ಸೇರಿ, ನೀರಿನಲ್ಲಿ ಮುಳುಗಿ ಮತ್ತೆ ದೀಕ್ಷಾಸ್ನಾನ ತೆಗೆದುಕೊಂಡ. ತನ್ನ ಅಪ್ಪ ಕೊಡಿಸಿದ ದೀಕ್ಷಾಸ್ನಾನ ದೀಕ್ಷಾಸ್ನಾನವೇ ಅಲ್ಲ ಎಂದು ಬಾಯಿ ತಪ್ಪಿ ಅಂದುಬಿಟ್ಟ. 14 ತಿಂಗಳಿಂದ ಅಪ್ಪ ಮಗನಿಗೆ ಮಾತಿಲ್ಲ. ವಾಟ್ಸಾಪ್ ಗುಂಪಿನಿಂದ ಮೊದಲು ಮಗ ಹೊರಗೆ ಹೋದ, ಆಮೇಲೆ ಅಪ್ಪ. ಮೊನ್ನೆ ಫೋನಿನಲ್ಲಿ ಅತ್ತೆಯ ಮಗ ನನ್ನ ಹತ್ತಿರ "ಅಕ್ಕ, ಅವನ ಹೆಸರು ಎತ್ತಬೇಡ" ಎಂದ. ಅವನ ದನಿ ನನ್ನ ಅಪ್ಪನದ್ದೇ.

ಕ್ರಿಸ್ಮಸ್‌ಗೆ ಇನ್ನೂ ನಾಲ್ಕು ತಿಂಗಳು ಇದೆ. ಅಷ್ಟು ಕಾಯಲು ನನಗೆ ಮನಸ್ಸಿಲ್ಲ. ನಿನ್ನೆ ಡಬ್ಬಿ ಇಳಿಸಿ ತೊಳೆದು ಬಿಸಿಲಿಗಿಟ್ಟೆ. ನಾಳೆ ಕರ್ಜಿಕಾಯಿ ಕರಿಯಬೇಕು. ಶನಿವಾರ ಪಿವಿಎಸ್‌ನಲ್ಲಿ ಉಡುಪಿ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಮೊದಲು ಮಣಿಪಾಲಕ್ಕೆ ಹೋಗುತ್ತೇನೆ. ಹುಡುಗ ಡಬ್ಬಿಯಲ್ಲಿ ಏನು ಹಾಕಿ ಕೊಟ್ಟರೂ ಸರಿ, ಸಂಜೆ ಅದನ್ನು ಬೆಂದೂರಿಗೆ ಒಯ್ಯುತ್ತೇನೆ. ಮುಚ್ಚಳ ಈಗ ಇನ್ನೂ ಸಡಿಲವಾಗಿದೆ. ಅಮ್ಮ ಕಟ್ಟುತ್ತಿದ್ದ ಹಾಗೆ ದಾರ ಕಟ್ಟಬೇಕು.